ಉಚಿನೌರಾದ ಡೋಲು

“ಈ ಡೋಲಿನ ವಿಷಯ ಏನೇ ಗೊತ್ತಾಗ್ಲಿ, ಪೇಪರಿನವರಿಗಿಂತ ಮೊದಲು ನಿಮಗೇ ಬಂದು ಹೇಳ್ತೀನಿ, ಒಕಾಮಿಸಾನ್.”

ತೊಮೊಯೆ ಹೀಗೆ ಮಾತು ಕೊಟ್ಟು ಹದಿಮೂರು ವರ್ಷವಾಗಿತ್ತು. ಕೊಡುವಾಗ ಅವಳಿಗೆ ಇಪ್ಪತ್ನಾಲ್ಕು ವಯಸ್ಸು, ಬಾಯಿ ತುಂಬ ಅನ್ನ. ಬಾಯಲ್ಲಿ ಅನ್ನ ಇಟ್ಟುಕೊಂಡು ಆಡಿದ ಮಾತಿಗೆ ತಪ್ಪಬಾರದು ಎಂದು ವಸತಿಗೃಹದ ಒಕಾಮಿ, ಅಂದರೆ ಯಜಮಾನಿ, ಫುಸಾ ಆಗಲೇ ಎಚ್ಚರಿಸಿದ್ದರು.

ಈಗ ಆ ಮಾತು ಉಳಿಸಿಕೊಳ್ಳಲು ಅವಳಿಗೆ ಉಳಿದಿದ್ದು ಒಂದೇ ದಿನ. ನಾಳೆ ಹನ್ನೊಂದು ಗಂಟೆಗೆ ಕಾಗೋಷಿಮಾದಲ್ಲಿ, ಖಗೋಳ ವಿಜ್ಞಾನಿಗಳ ಸಮ್ಮೇಳನದ ನಡುವೆ, ಪತ್ರಕರ್ತರ ಎದುರು ಕೂತು ತನಗೆ ಹೆಸರು ತಂದ ಸಂಶೋಧನೆಯೇ ತಪ್ಪು ಎಂದು ಹೇಳಬೇಕಿತ್ತು. ಅದಕ್ಕೆ ಮೊದಲು ಕೊಲ್ಲಿ ದಾಟಿ, ಎರಡು ಬಸ್ಸು ಬದಲಿಸಿ, ಉಚಿನೌರಾ ಎಂಬ ಮೀನುಗಾರರ ಊರಿಗೆ ಹೋಗಿ ಅದನ್ನೇ ಫುಸಾಗೆ ಹೇಳಬೇಕಿತ್ತು. ಎರಡರಲ್ಲಿ ಕಷ್ಟದ್ದು ಯಾವುದು ಎಂದು ಯಾರಾದರೂ ಕೇಳಿದ್ದರೆ ಅವಳು ಯೋಚಿಸದೆ ಉತ್ತರ ಕೊಡುತ್ತಿದ್ದಳು.

ಸಕುರಜಿಮಾ ಜ್ವಾಲಾಮುಖಿ ಬೆಳಗಿನಿಂದಲೇ ಬೂದಿ ಉಗುಳುತ್ತಿತ್ತು. ದೋಣಿಯ ಮೇಲಟ್ಟದ ಬೆಂಚುಗಳ ಮೇಲೆಲ್ಲ ಬೂದಿ. ತೊಮೊಯೆ ಬೆಂಚು ಒರೆಸಲು ಚೀಲದಿಂದ ಕರವಸ್ತ್ರ ಎಳೆದಾಗ ಅದರ ಜೊತೆ ಮಗಳ ಒಂಟಿ ಕಾಲುಚೀಲವೂ ಬಂತು. ನಾಲ್ಕು ದಿನದಿಂದ ಮನೆಯಲ್ಲೆಲ್ಲ ಹುಡುಕುತ್ತಿದ್ದ ಕಾಲುಚೀಲ. ಅದರಲ್ಲೇ ಬೆಂಚು ಒರೆಸಿ ಕೂತಳು.

ಜೊತೆಗಿದ್ದ ಹಿದಾಕಾ ಅವಳ ಸಂಶೋಧನಾ ವಿದ್ಯಾರ್ಥಿನಿ, ಅವಳನ್ನು ಕರೆಯುವುದು ‘ಸೆನ್‌ಸೇ’, ಅಂದರೆ ಗುರುಗಳೇ, ಎಂದು. ತಪ್ಪು ಕಂಡುಹಿಡಿದವಳು ಇವಳೇ.

“ಸೆನ್‌ಸೇ, ನಾಲ್ಕು ಡಬ್ಬಿ ಯೋಕಾನ್ ಮಿಠಾಯಿ ಯಾಕೆ? ಒಕಾಮಿಸಾನ್ ಇರೋದು ಒಬ್ಬರೇ ತಾನೆ?”

“ಕ್ಷಮೆ ಕೇಳೋಕೆ ಹೋಗುವಾಗ ಸಿಹಿ ಭಾರವಾಗಿರಬೇಕಮ್ಮ. ಬಿಸ್ಕತ್ತು ತಗೊಂಡು ಹೋದ್ರೆ, ಇವಳಿಗೆ ತಪ್ಪೂ ಹಗುರ ಅನ್ಸಿದೆ ಅಂದ್ಕೋತಾರೆ.”

“ಕೊಲೆ ಮಾಡಿದವರೂ ನಾಲ್ಕು ಡಬ್ಬಿ ತರಲ್ಲ.”

ತೊಮೊಯೆಗೆ ನಗು ಬಂತು. ಹಿದಾಕಾ ಮಾತ್ರ ನಗಲಿಲ್ಲ. ನಾಳೆ ಹಂಚಬೇಕಾದ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಮೊದಲ ಸಾಲನ್ನು ಅವಳು ‘ಹಿಂದಿನ ಫಲಿತಾಂಶದ ಮೇಲೆ ಹೊಸ ಬೆಳಕು’ ಎಂದು ಬರೆದಿದ್ದಳು. ತೊಮೊಯೆ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, ‘ಹಿಂದಿನ ಫಲಿತಾಂಶ ತಪ್ಪು’ ಎಂದು ತಿದ್ದಿದ್ದಳು.

“ಇಷ್ಟು ನೇರವಾಗಿ ಬೇಕಾ ಸೆನ್‌ಸೇ? ವಿಭಾಗದವರೂ ‘ಮರುಪರಿಶೀಲನೆ’ ಅಂದ್ರೆ ಸಾಕು ಅಂತಿದ್ರು. ಮುಂದಿನ ಉಪಗ್ರಹದ ತಂಡದ ಆಯ್ಕೆ ಬೇರೆ ಹತ್ತಿರ ಬಂತು. ನಿಮ್ಮ ಹೆಸರು...”

“ಹೊಸ ಬೆಳಕು ಅಂದ್ರೆ ಹಳೇದೂ ಸ್ವಲ್ಪ ಬೆಳಗ್ತಿತ್ತು ಅಂತ ಅರ್ಥ. ಬೆಳಗ್ತಿರಲಿಲ್ಲ. ನೀನು ಕಂಡಿದ್ದನ್ನ ನೀನೇ ಯಾಕೆ ಗೊಣಗೋ ಹಾಗೆ ಹೇಳ್ತೀಯ?”

ಹದಿಮೂರು ವರ್ಷದ ಹಿಂದೆ, ಆಕಾಶದ ಎಕ್ಸ್-ರೇ ಹಿಡಿಯುವ ಉಪಗ್ರಹವನ್ನು ನಡೆಸುತ್ತಿದ್ದವರು ವಿದ್ಯಾರ್ಥಿಗಳೇ. ಒಂದೊಂದು ವಿಶ್ವವಿದ್ಯಾಲಯದಿಂದ ಇಬ್ಬಿಬ್ಬರು, ಎರಡೆರಡು ವಾರದ ಪಾಳಿ. ಉಚಿನೌರಾದ ಗುಡ್ಡದ ಮೇಲೆ ದೊಡ್ಡ ಬೋಗುಣಿಯಂಥ ಆಂಟೆನಾ, ಗುಡ್ಡದ ಕೆಳಗೆ ಫುಸಾ ಅವರ ವಸತಿಗೃಹ. ಉಪಗ್ರಹ ದಿನಕ್ಕೆ ಐದು ಸಲ ತಲೆಯ ಮೇಲೆ ಹಾದುಹೋಗುತ್ತಿತ್ತು, ಪ್ರತಿ ಸಲ ಹತ್ತು ನಿಮಿಷ. ಅಷ್ಟರಲ್ಲಿ ಅದು ಹೊತ್ತು ತಂದದ್ದನ್ನು ಇಳಿಸಿಕೊಂಡು ಮುಂದಿನ ಕೆಲಸ ಹೇಳಿ ಕಳಿಸಬೇಕು. ಒಬ್ಬರು ಆಜ್ಞೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಗೆ ಬೆರಳು ಚಾಚಿ ಅದನ್ನೇ ಮತ್ತೆ ಕೂಗುವುದು. ನಡೆದದ್ದನ್ನೆಲ್ಲ ದಿನಚರಿ ಪುಸ್ತಕದಲ್ಲಿ ಶಾಯಿಯಿಂದ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಅದರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಮ್ಮ ಹೆಸರಿನ ಪುಟ್ಟ ಕೆಂಪು ಮೊಹರು ಒತ್ತಬೇಕು. ತಪ್ಪು ಯಾರದು, ತಿದ್ದಿದವರು ಯಾರು ಎಂಬುದು ಪುಸ್ತಕ ಇರುವವರೆಗೂ ಕಾಣುತ್ತಿರಬೇಕು.

ಅಂಥ ಒಂದು ಪಾಳಿಯಲ್ಲಿ ತೊಮೊಯೆ ಒಂದು ಗೆಲಾಕ್ಸಿಯ ಎಕ್ಸ್-ರೇ ಇಳಿಸಿಕೊಂಡಿದ್ದಳು. ನಡುವೆ ದೈತ್ಯ ಕಪ್ಪುಕುಳಿ ಇರುವ, ಏಳು ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ. ಬೆಳಕಿನ ಒಂದೊಂದು ಕಣವನ್ನೂ ಬಂದ ಹೊತ್ತಿನ ಸಮೇತ ಎಣಿಸಿ ನಕ್ಷೆ ಬರೆದಾಗ ಅದು ಕಾಣಿಸಿತು. ಮೂರು ಗಂಟೆ ಹತ್ತು ನಿಮಿಷಕ್ಕೊಮ್ಮೆ, ಗಡಿಯಾರ ನೋಡಿಕೊಂಡು ಬಡಿದ ಹಾಗೆ, ಉಬ್ಬು. ಮತ್ತೆ ಉಬ್ಬು. ಒಟ್ಟು ಆರು. ಕಪ್ಪುಕುಳಿಯ ಸುತ್ತ ಏನೋ ಗಿರಿಗಿರಿ ತಿರುಗುತ್ತಿದೆ ಎಂದರು ಅವಳ ಗುರು ಕುಗಿಮಿಯಾ. ಜಗತ್ತೆಲ್ಲ ಹೌದೆಂದಿತು. ಊರಿನವರು ಅದಕ್ಕೆ ‘ಉಚಿನೌರಾದ ಡೋಲು’ ಎಂದು ಹೆಸರಿಟ್ಟರು. ಫುಸಾ ಆ ನಕ್ಷೆಗೆ ಕಟ್ಟು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕಿದ್ದಷ್ಟೇ ಅಲ್ಲ, ಆರು ಉಬ್ಬುಗಳನ್ನು ನೀಲಿ ಬಣ್ಣದಲ್ಲಿ ಕೈಯೊರಸುವ ಬಟ್ಟೆಗಳ ಮೇಲೆ ಅಚ್ಚು ಹಾಕಿಸಿ, ಬಂದ ಅತಿಥಿಗಳಿಗೆಲ್ಲ ಹದಿಮೂರು ವರ್ಷದಿಂದ ಹಂಚುತ್ತಿದ್ದರು.

ಬಸ್ಸು ಕಡಲ ಬದಿಗೆ ಇಳಿದಾಗ ಮೂರು ಗಂಟೆ. ವಸತಿಗೃಹದ ಬಾಗಿಲಲ್ಲಿ ಅದೇ ಹಳೆಯ ನೀಲಿ ಪರದೆ. ಒಳಗೆ ಫುಸಾ ಸಣ್ಣ ಬೆಳ್ಳಿಮೀನುಗಳ ಮುಳ್ಳು ಬಿಡಿಸುತ್ತ ಕೂತಿದ್ದರು. ಅರವತ್ತೆರಡು ತುಂಬಿದ್ದರೂ ಬೆರಳುಗಳಿಗೆ ಆತುರವಿಲ್ಲ, ಆಯಾಸವೂ ಇಲ್ಲ.

“ಬಂದ್ಯಾ? ಏನೇ ಇದು, ಗಾಳಿಗೆ ಹಾರಿಹೋಗೋ ಹಂಗಾಗಿದೀಯ. ಮಗಳು ನಿನ್ನನ್ನೇ ತಿಂತಾಳಾ? ಕುಂತ್ಕೊ. ಇವಳ್ಯಾರು?”

“ನನ್ನ ವಿದ್ಯಾರ್ಥಿನಿ, ಹಿದಾಕಾ.”

“ನೀನೂ ಕುಂತ್ಕೊಳವ್ವ. ನಿಮ್ಮ ಸೆನ್‌ಸೇ ನಿನ್ನ ವಯಸ್ಸಲ್ಲಿ ಮೂರು ಬಟ್ಟಲು ಅನ್ನ ಉಣ್ತಿದ್ಲು. ನಾಲ್ಕನೇದಕ್ಕೆ ನಾಚ್ಕೊಂಡು ಬಟ್ಟಲು ಬಚ್ಚಿಡೋಳು.”

ತೊಮೊಯೆ ಕೂರಲಿಲ್ಲ. ಚಾಪೆಯ ಮೇಲೆ ಮಂಡಿಯೂರಿ, ಯೋಕಾನ್ ಡಬ್ಬಿಗಳನ್ನು ಎರಡೂ ಕೈಯಿಂದ ಮುಂದೆ ತಳ್ಳಿ, ಹಣೆ ನೆಲಕ್ಕೆ ಮುಟ್ಟುವಷ್ಟು ಬಾಗಿದಳು. ಫುಸಾ ಒಂದು ಡಬ್ಬಿ ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿದರು.

“ಇಷ್ಟು ಭಾರ. ಯಾರಾದ್ರೂ ಸತ್ರಾ?”

“ಡೋಲು ಅದಲ್ಲ, ಒಕಾಮಿಸಾನ್. ಬಡಿಯೋದು ಆ ಗೆಲಾಕ್ಸಿ ಅಲ್ಲ. ನಾನು ತಪ್ಪು ಹೇಳಿದ್ದೆ.”

ಗೋಡೆಯ ಮೇಲೆ ನಕ್ಷೆ ಇತ್ತು. ಮೂವರೂ ಅದರ ಕಡೆ ನೋಡಲಿಲ್ಲ.

“ಅಂದ್ರೆ ಬಡಿತವೇ ಸುಳ್ಳಾ?”

“ಬಡಿತ ನಿಜ. ಅದು ಪಕ್ಕದವರದ್ದು.” ತೊಮೊಯೆ ತಲೆ ಎತ್ತಿದಳು. “ಆಗಿನ ನಮ್ಮ ಯಂತ್ರಕ್ಕೆ ಕನ್ನಡಿ ಇರಲಿಲ್ಲ. ಬಿದಿರಿನ ಕೊಳವೆ ಹಿಡಿದು ಆಕಾಶ ನೋಡಿದ ಹಾಗೆ. ಎರಡು ಹುಣ್ಣಿಮೆ ಚಂದ್ರ ಹಿಡಿಸುವಷ್ಟು ಜಾಗದ ಬೆಳಕೆಲ್ಲ ಒಂದೇ ಬುಟ್ಟಿಗೆ ಬೀಳೋದು. ಯಾವುದು ಯಾರದ್ದು ಅಂತ ಹೇಳೋಕಾಗ್ತಿರಲಿಲ್ಲ. ಈಗಿನ ಉಪಗ್ರಹದಲ್ಲಿ ಒಳ್ಳೆ ಕನ್ನಡಿ ಇದೆ. ಹಿದಾಕಾ ನೋಡಿದಾಗ ಒಂದಲ್ಲ, ಎರಡು ಚುಕ್ಕೆ ಕಾಣಿಸ್ತು. ಬಡೀತಿರೋದು ಎರಡನೇದು. ನಮ್ಮ ಕ್ಷೀರಪಥದ್ದೇ ಒಂದು ಮುದಿ ನಕ್ಷತ್ರ, ಜೊತೆಗಾರನ ಮೈಯಿಂದ ಎಳ್ಕೊಂಡು ತಿಂತಾ ಸುತ್ತುತ್ತಿದೆ. ಗೆಲಾಕ್ಸಿಗೆ ಹೋಲಿಸಿದ್ರೆ ನಮ್ಮ ಹಿತ್ತಲಲ್ಲೇ ಇರೋದು.”

 ತೊಮೊಯೆ ಹೇಳಬೇಕೆಂದುಕೊಂಡಿರದಿದ್ದ ಇನ್ನೊಂದನ್ನೂ ಹೇಳಿಬಿಟ್ಟಳು.

“ಯಂತ್ರದ್ದೇ ತಪ್ಪು ಅಂತ ತಪ್ಪಿಸ್ಕೊಳ್ಳೋ ಹಾಗೂ ಇಲ್ಲ. ಎರಡನೇ ಸಲ ನೋಡುವಾಗ ಉಪಗ್ರಹ ಅರ್ಧ ಡಿಗ್ರಿ ಓರೆಯಾಗಿತ್ತು. ಗೆಲಾಕ್ಸಿಯದ್ದೇ ಆಗಿದ್ರೆ ಬಡಿತ ಅರ್ಧಕ್ಕೆ ಇಳೀಬೇಕಿತ್ತು. ಇಳೀಲಿಲ್ಲ. ‘ಇಳಿದಿಲ್ಲ, ಏಕೆ?’ ಅಂತ ದಿನಚರಿಯಲ್ಲಿ ನಾನೇ ಬರೆದಿದ್ದೀನಿ. ಅಳತೆಯ ದೋಷ ಇರಬೇಕು ಅಂದ್ರು ಕುಗಿಮಿಯಾ ಸೆನ್‌ಸೇ. ನಾನೂ ಹೂಂ ಅಂದೆ. ನನಗೂ ಅದು ಡೋಲೇ ಆಗಿರಬೇಕಿತ್ತು.”

“ಗೊತ್ತು,” ಎಂದರು ಫುಸಾ.

“ಏನು ಗೊತ್ತು?”

“ಆ ದಿನ ಗೊತ್ತು. ‘ಇಳೀಲಿಲ್ಲ, ಇಳೀಲಿಲ್ಲ’ ಅಂತ ಗೊಣಗ್ತಾ ಕುಂತಿದ್ದೆ. ಮೀನು ಮುಟ್ಲಿಲ್ಲ. ಕಡಲ ಭರತ ಏನೋ ಇಳೀಲಿಲ್ಲ ಅಂತಿದಾಳೆ ಅಂದ್ಕೊಂಡೆ ನಾನು.”

ಹಿದಾಕಾ ಕೆಮ್ಮಿದಳು. ನಗುವನ್ನು ಕೆಮ್ಮು ಮಾಡಿಕೊಂಡಿದ್ದಳು ಎಂದು ತೊಮೊಯೆಗೆ ತಿಳಿಯಿತು.

ಫುಸಾ ಕೈ ತೊಳೆದುಕೊಂಡು ಬಂದು ಅವಳ ಎದುರಿಗೆ ಕೂತರು. “ನಮ್ಮ ಮೂರನೇ ಕೋಣೆ ನೆನಪಿದೆಯಾ? ಕುಗಿಮಿಯಾ ಸೆನ್‌ಸೇ ಮಲಗ್ತಿದ್ದಿದ್ದು. ಹತ್ತು ವರ್ಷ ಎಲ್ಲ ಅತಿಥಿಗಳೂ ದೂರು ಹೇಳೋರು, ಮೂರನೇ ಕೋಣೇಲಿ ಗೊರಕೆ ಅಂತ. ಪಾಪ, ಸೆನ್‌ಸೇ ತಮ್ಮದೇ ಅಂದ್ಕೊಂಡು ಬೆಳಿಗ್ಗೆ ಎದ್ದು ಪ್ರತಿಯೊಬ್ಬರಿಗೂ ಬಗ್ಗಿ ಕ್ಷಮೆ ಕೇಳೋರು. ಆಮೇಲೊಂದು ಸಲ ಅವರು ಬರದೇ ಇದ್ದಾಗ ಕೋಣೆ ಖಾಲಿ. ಆದ್ರೂ ಗೊರಕೆ! ನೋಡಿದ್ರೆ ಗೋಡೆ ಆಚೆ ನಮ್ಮ ಯಜಮಾನರದ್ದು. ಕಾಗದದ ಗೋಡೆ ನೋಡು, ಯಾವ ಕಡೆಯಿಂದ ಅಂತ ಹೆಂಗೆ ಗೊತ್ತಾಗ್ಬೇಕು?”

“ಸೆನ್‌ಸೇಗೆ ಹೇಳಿದ್ರಾ?”

“ಹೇಳ್ದೆ ಬಿಡ್ತೀನಾ? ಯಜಮಾನರನ್ನ ಕರ್ಕೊಂಡು ಹೋಗಿ, ಸಿಹಿ ಕೊಟ್ಟು ಬಗ್ಗಿಸ್ದೆ. ಎರಡೇ ಡಬ್ಬಿ ಒಯ್ದಿದ್ದೆ. ನಿಂದು ಜಾಸ್ತಿ ಆಯ್ತು.”

ತೊಮೊಯೆ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಳ್ಳಲು ಚೀಲಕ್ಕೆ ಕೈಹಾಕಿದರೆ ಬೂದಿ ಮೆತ್ತಿದ ಕಾಲುಚೀಲವೇ ಕೈಗೆ ಸಿಕ್ಕಿತು.

“ಅದಿರ್ಲಿ, ಆ ಗೆಲಾಕ್ಸಿ ಏನಾಯ್ತು ಈಗ? ಸುಮ್ಮನೆ ಬಿದ್ದಿದೆಯಾ?” ಎಂದು ಫುಸಾ ಹಿದಾಕಾಳನ್ನು ಕೇಳಿದರು.

ಅದುವರೆಗೆ ಗುಬ್ಬಿಯಂತೆ ಮುದುರಿ ಕೂತಿದ್ದ ಹುಡುಗಿ ಮುಂದಕ್ಕೆ ಬಾಗಿದಳು. “ಇಲ್ಲ, ಒಕಾಮಿಸಾನ್! ಪಕ್ಕದವರ ಬಡಿತ ತೆಗೆದು ನೋಡಿದ್ರೆ ಅದರದ್ದೇ ದನಿ ಬೇರೆ ಇದೆ. ತಾಳ ಇಲ್ಲ, ಗತ್ತಿಲ್ಲ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ. ಹತ್ತು ನಿಮಿಷದಲ್ಲಿ ಅರ್ಧಕ್ಕರ್ಧ ಮಂಕಾಗಿ ಮತ್ತೆ ಎದ್ದುಬಿಡುತ್ತೆ. ಅಂದ್ರೆ ಆ ಬೆಳಕು ಬರೋ ಜಾಗ, ಬೆಳಕು ಹತ್ತು ನಿಮಿಷದಲ್ಲಿ ದಾಟೋ ಅಷ್ಟೇ ಅಗಲ. ಸೂರ್ಯನಿಂದ ಇಲ್ಲಿಗೆ ಎಂಟು ನಿಮಿಷ. ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ ಹತ್ತು ಲಕ್ಷ ಸೂರ್ಯರ ತೂಕ ಕೂತಿದೆ!”

“ಅಷ್ಟರಲ್ಲಿ ಹೆಂಗೆ ಹಿಡಿಸ್ತದೆ?”

“ಅದೇ ಕಪ್ಪುಕುಳಿ.”

ಫುಸಾ ತೊಡೆ ತಟ್ಟಿಕೊಂಡರು. “ಡೋಲಿಗಿಂತ ಇದೇ ದೊಡ್ಡದಲ್ಲವೇನೇ?” ಎಂದು ತೊಮೊಯೆಯ ಕಡೆ ತಿರುಗಿದರು. “ಇದನ್ನ ಬಿಟ್ಟು ಅಳ್ಕೊಂಡು ಬಂದಿದೀಯಲ್ಲ.”

ತೊಮೊಯೆ ಹಿದಾಕಾಳನ್ನು ನೋಡಿದಳು. ಬಸ್ಸಿಳಿದು ಬರುವವರೆಗೂ ಗುರುವಿಗೆ ನೋವಾಗುತ್ತದೆಂದು ಪಿಸುಮಾತಿನಲ್ಲೇ ಮಾತಾಡುತ್ತಿದ್ದವಳು ಈಗ ಎರಡೂ ಕೈ ಆಡಿಸುತ್ತಿದ್ದಳು. ನಾಳೆ ಆ ಹಾಳೆಯನ್ನು ಇವಳೇ ಓದಲಿ ಎಂದು ತೊಮೊಯೆಗೆ ಅನ್ನಿಸಿತು. ಮೊದಲ ಸಾಲು ಮಾತ್ರ ತನ್ನದು. ಅದನ್ನು ತಾನೇ ಓದಬೇಕು.

ಫುಸಾ ಚಹಾ ತಂದಿಟ್ಟರು. ಆಮೇಲೆ, ನೆನಪಾಯಿತೆಂಬಂತೆ, “ಬೆಳಿಗ್ಗೆ ಪೇಪರಿನವನೊಬ್ಬ ಫೋನ್ ಮಾಡಿದ್ದ,” ಎಂದರು.

ತೊಮೊಯೆಯ ಕೈಯಲ್ಲಿ ಬಟ್ಟಲು ನಿಂತಿತು. ಸಮ್ಮೇಳನದ ಸಾರಾಂಶ ಪತ್ರಿಕೆಗಳಿಗೆ ಮೊದಲೇ ಹೋಗಿರುತ್ತದೆ. ಅದು ಅವಳಿಗೆ ಹೊಳೆದೇ ಇರಲಿಲ್ಲ.

“ಏನಂದ?”

“‘ಒಕಾಮಿಸಾನ್, ನಿಮ್ಮ ಡೋಲಿನ ವಿಷಯ ನಾಳೆ...’ ಅಂದ. ಸಾಕು ನಿಲ್ಲಿಸಪ್ಪ ಅಂದೆ. ನನಗೆ ಹೇಳೋಳು ಬೇರೆ ಇದಾಳೆ, ಅವಳು ಬರ್ತಾಳೆ, ಅಲ್ಲೀವರೆಗೂ ನಂಗೆ ಕಿವಿ ಇಲ್ಲ ಅಂತ ಇಟ್ಬಿಟ್ಟೆ. ಮತ್ತೆ ಎರಡು ಸಲ ಹೊಡ್ಕೊಳ್ತು. ಎತ್ತಲಿಲ್ಲ. ಅಷ್ಟೊತ್ತಿಂದ ಮೀನು ಬಿಡಿಸ್ತಾ ಕುಂತಿದೀನಿ. ಮೂವತ್ತು ಜನಕ್ಕಾಗೋ ಅಷ್ಟು ಬಿಡಿಸಿದೀನಿ, ಇರೋರು ಇಬ್ಬರು ಅತಿಥಿಗಳು. ನೀವು ಉಂಡೇ ಹೋಗ್ಬೇಕು.”

ತೊಮೊಯೆ ಬಟ್ಟಲು ಕೆಳಗಿಟ್ಟು ಮತ್ತೊಮ್ಮೆ ಬಾಗಿದಳು.

ಫುಸಾ ಸ್ಟೂಲು ಎಳೆದುಕೊಂಡು ಹತ್ತಿದರು. ಹಿದಾಕಾ ಹಿಡಿಯಲು ಓಡುವುದರೊಳಗೆ ನಕ್ಷೆ ಅವರ ಕೈಯಲ್ಲಿತ್ತು. ಅದು ತೂಗುತ್ತಿದ್ದ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗೆ ಉಳಿದಿತ್ತು. ತೊಮೊಯೆ ಅದನ್ನೇ ನೋಡಿದಳು. ಇದನ್ನೊಂದು ನೋಡಬೇಕಾಗುತ್ತದೆ ಎಂದು ದೋಣಿಯಲ್ಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

ಫುಸಾ ಕಟ್ಟಿನ ಹಿಂದಿನ ಮೊಳೆ ಬಿಡಿಸಿ, ಗಾಜು ತೆಗೆದು, ಕಾಗದವನ್ನು ಅವಳ ಮುಂದಿಟ್ಟರು. “ತಿದ್ದು.”

“ಏನು?”

“ಗುಡ್ಡದ ಮೇಲೆ ನಿಮ್ಮ ಪುಸ್ತಕದಲ್ಲಿ ಹೆಂಗೆ ತಿದ್ತಿದ್ರಿ? ಮೊಹರು ಕಳ್ಕೊಂಡೆ ಅಂತ ಎಷ್ಟು ಸಲ ನನ್ನ ಅಡಿಗೆಮನೆ ಹುಡುಕಿದೀಯ. ಮೊಹರು ಇದೆಯಾ ಇಲ್ವಾ?”

ಮೊಹರು ಇತ್ತು. ಕಾಗದದ ಕೆಳಗೆ, ಇಪ್ಪತ್ನಾಲ್ಕು ವಯಸ್ಸಿನ ದುಂಡು ಅಕ್ಷರದಲ್ಲಿ ಗೆಲಾಕ್ಸಿಯ ಹೆಸರಿತ್ತು. ತೊಮೊಯೆ ಅದರ ಮೇಲೆ ಎರಡು ಗೆರೆ ಎಳೆದಳು. ಹೆಸರು ಇನ್ನೂ ಓದಲು ಬರುತ್ತಿತ್ತು. ಪಕ್ಕದಲ್ಲಿ ನಕ್ಷತ್ರದ ಸಂಖ್ಯೆ ಬರೆದಳು. ಬರೆಯುವಾಗ ಒಂದು ಅಂಕಿ ಮರೆತುಹೋಗಿ ಹಿದಾಕಾಳ ಮುಖ ನೋಡಿದಳು. ಅವಳು ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದಳು. ತೊಮೊಯೆ ಕಾಗದಕ್ಕೆ ಬೆರಳು ಚಾಚಿ, ಹಳೆಯ ಪಾಳಿಯ ಅಭ್ಯಾಸದಲ್ಲಿ, ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿ ಮೊಹರು ಒತ್ತಿದಳು.

ಫುಸಾ ಶಾಯಿಯ ಮೇಲೆ ಉಫ್ ಎಂದು ಊದಿ, ಗಾಜು ಸೇರಿಸಿ, ನಕ್ಷೆಯನ್ನು ಅದೇ ಮೊಳೆಗೆ ತೂಗುಹಾಕಿದರು. ಗಂಟೆ ಮೂರೂವರೆ. ಬೆಳ್ಳನೆಯ ಚೌಕ ಮುಚ್ಚಿಹೋಯಿತು, ಮೂಲೆಯಲ್ಲಿ ಪುಟ್ಟ ಕೆಂಪು ಚುಕ್ಕೆಯೊಂದು ಹೊಸದಾಗಿ ಕಾಣುತ್ತಿತ್ತು.

ಪತ್ರಕರ್ತರಿಗೆ ಮಾರನೆಯ ದಿನ ಹನ್ನೊಂದು ಗಂಟೆಗೆ ಹೇಳಲಾಯಿತು. ತೊಮೊಯೆ ಕೊಟ್ಟ ಮಾತು ಉಳಿಯಿತು.