ಕಣ್ಣಿಗೆ ಕಾಣದ ವ್ಯತ್ಯಾಸ

ಮಣಿಪಾಲದ ಅಂಗಡಿಯಲ್ಲಿ ಕಂಪ್ಯೂಟರ್ ಮಾನಿಟರ್ ಕೇಳಿದ್ದು ಸೌಮ್ಯಶ್ರೀ. ಸೇಲ್ಸ್‌ಮನ್ ಉತ್ತರ ಕೊಟ್ಟದ್ದು ಕಾಲೇಜಿನಿಂದ ಜೊತೆಗೆ ಬಂದ ರಿತೇಶನಿಗೆ. ಅಂಥ ಅಂಗಡಿಗಳಲ್ಲಿ ಹುಡುಗಿಯ ಬಾಯಿಂದ ಹೊರಟ ಪ್ರಶ್ನೆ ಪಕ್ಕದಲ್ಲಿ ನಿಂತ ಗಂಡಸಿನ ಕಿವಿಗೇ ಹೋಗಿ ಸೇರುತ್ತದೆ.

ಸಾಲಾಗಿ ಇಟ್ಟ ಮಾನಿಟರುಗಳಲ್ಲೆಲ್ಲ ಒಂದೇ ಜಲಪಾತ ಸುರಿಯುತ್ತಿತ್ತು. ರಿತೇಶನ ಕಣ್ಣು ಬಿದ್ದದ್ದು ಬೆನ್ನಿಗೆ ಬಣ್ಣಬಣ್ಣದ ದೀಪ ಕಟ್ಟಿಕೊಂಡ, ಬಿಲ್ಲಿನ ಹಾಗೆ ಬಾಗಿದ ದೊಡ್ಡದರ ಮೇಲೆ. ಕಾರ್ಕಳದಲ್ಲಿ ಕಲ್ಲುಕೋರೆ ಇಟ್ಟವರ ಮಗ. ದೊಡ್ಡದು ಕಂಡರೆ ತನ್ನದೇ ಅನಿಸುತ್ತದೆ.

"ಆ ಜಲಪಾತ ನಿಲ್ಲಿಸಿ," ಅಂದಳು ಸೌಮ್ಯಶ್ರೀ. "ಅದರಲ್ಲಿ ಎಲ್ಲವೂ ಚಂದವೇ. ಮೌಸ್ ಕೊಡಿ."

"ಮೌಸಾ? ಎಂತಕ್ಕೆ?" ಅಂದ ಸೇಲ್ಸ್‌ಮನ್.

"ಹಾಡು ಹೇಳ್ಲಿಕ್ಕೆ. ಕೊಡಿ ಮಾರಾಯ್ರೆ."

ಒಂದು ಫೈಲ್ ತೆರೆದು ಅದನ್ನು ಪರದೆಯ ಈ ತುದಿಯಿಂದ ಆ ತುದಿಗೆ ರಪ್ಪನೆ ಎಳೆದಳು. ಬಾಗಿದ್ದರಲ್ಲಿ ಅಕ್ಷರಗಳು ಬಾಲ ಬಿಟ್ಟುಕೊಂಡು ಓಡಿದವು. ಮೂಲೆಯಲ್ಲಿದ್ದ, ಯಾವ ದೀಪವೂ ಇಲ್ಲದ ಸಪ್ಪೆ ಕಪ್ಪಿನದರಲ್ಲಿ ಓಡುವ ಅಕ್ಷರವನ್ನೂ ಓದಲು ಬಂತು. ಸೆಕೆಂಡಿಗೆ ನೂರ ಎಂಬತ್ತು ಸಲ ಚಿತ್ರ ಬದಲಿಸುವ ಪರದೆ. ಕಾಲೇಜಿನಲ್ಲಿದ್ದ ಹಳೆಯವು ಬದಲಿಸುವುದು ಅರವತ್ತೇ ಸಲ. ಆಟದಲ್ಲಿ ಎದುರಾಳಿ ಗೋಡೆಯ ಮರೆಯಿಂದ ಹೊರಬಂದದ್ದು ಅರವತ್ತರ ಪರದೆಯವನಿಗೆ ತಿಳಿಯುವಷ್ಟರಲ್ಲಿ ಅವನ ಕತೆ ಮುಗಿದಿರುತ್ತದೆ.

"ಇದು," ಅಂದಳು.

ಹಣ ಕಾಲೇಜಿನದು, ಸಿಕ್ಕಿದ್ದು ಒಂದೇ ಒಂದಕ್ಕೆ. ಗೇಮಿಂಗ್ ಕ್ಲಬ್ಬಿನ ಉಸ್ತುವಾರಿ ಸರ್ವೋತ್ತಮ ಸರ್ ಪ್ರಿನ್ಸಿಪಾಲರ ಕೋಣೆಯಲ್ಲಿ ವಾದಿಸಿ ತಂದದ್ದು: "ಹಳೆಯ ಪರದೆಯಲ್ಲಿ ಆಡಿಸುವುದೆಂದರೆ ಕಣ್ಣು ಕಟ್ಟಿ ಓಡಿಸಿದ ಹಾಗೆ ಸರ್. ಸೋಲು ಗೆಲುವೆಲ್ಲ ಈ ವ್ಯತ್ಯಾಸದಲ್ಲೇ ಉಂಟು." ಸೌಮ್ಯಶ್ರೀಯೂ ಅಲ್ಲಿದ್ದಳು. ಹೊರಗೆ ಬಂದು ಅವಳಿಗೆ ಹೇಳಿದ್ದರು, "ಮೀನುಗಾರರ ಮಕ್ಕಳಿಗೆ ಕಣ್ಣು ಚುರುಕು, ಅಲ್ವಾ? ಮಾನಿಟರ್ ನೀನೇ ಆರಿಸು."

ಅವಳ ಕಣ್ಣು ಚುರುಕಾದದ್ದು ಕಡಲು ನೋಡಿ ಅಲ್ಲ. ಎರ್ಮಾಳಿನ ಮನೆಯಲ್ಲಿ ಅಣ್ಣ ವಿಶಾಲ್ ಬಿಸಾಡಿದ ಒಡಕು ಮೊಬೈಲಿನಲ್ಲಿ, ಬಿರುಕಿನ ಆಚೆ ಈಚೆ ಗುರಿ ಹುಡುಕಿ ಹುಡುಕಿ. ಹೊಗಳುವಾಗಲೂ ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟೇ ಹೊಗಳುವವರಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ?

ಉಡುಪಿಯ ಟೂರ್ನಮೆಂಟಿಗೆ ಹೋಗುವ ತಂಡದಲ್ಲಿ ಒಂದು ಜಾಗ ಉಳಿದಿತ್ತು. ರಿತೇಶ್, ಇಲ್ಲವೇ ಸೌಮ್ಯಶ್ರೀ. ಶನಿವಾರ ಮಧ್ಯಾಹ್ನ ಇಬ್ಬರೂ ಹೊಸ ಮಾನಿಟರಿನಲ್ಲಿ ಒಂದೊಂದು ಸುತ್ತು ಗುರಿ ಹೊಡೆಯಬೇಕು, ಹೆಚ್ಚು ಹೊಡೆದವರಿಗೆ ಜಾಗ ಎಂದಾಯಿತು. ಸರ್ವೋತ್ತಮ ಸರ್ ತಾವೇ ನೋಡಲು ಕೂತರು.

ರಿತೇಶ್ ಮೊದಲು ಆಡಿದ. ಚೆನ್ನಾಗಿಯೇ ಆಡಿದ. ಮುಗಿಸಿದವನು, "ತಡೆ, ನಿನಗೆ ಸೆಟ್ಟಿಂಗ್ ಸರಿ ಮಾಡಿ ಕೊಡ್ತೇನೆ" ಎಂದು ಬೆನ್ನು ಅಡ್ಡ ಕೊಟ್ಟು ಏನೇನೋ ಕ್ಲಿಕ್ ಮಾಡಿ ಕುರ್ಚಿ ಬಿಟ್ಟ. ಯಾರಿಗೂ ಅಷ್ಟು ಉಪಕಾರ ಮಾಡಿದವನಲ್ಲ. ಅವಳು ಆಗಲೇ ಅನುಮಾನಪಡಬೇಕಿತ್ತು.

ಸುತ್ತು ಶುರುವಾಯಿತು. ಗುರಿ ಇರುವಲ್ಲಿಗೆ ಗುಂಡು ಹೋಗುತ್ತಿಲ್ಲ; ಗುರಿ ಬಿಟ್ಟುಹೋದ ಜಾಗಕ್ಕೆ ಹೋಗುತ್ತಿದೆ. ಕೈ ತಡವಾಗಿರಲಿಲ್ಲ, ಪರದೆಯೇ ತಡವಾಗಿತ್ತು. ಮುಗಿದಾಗ ಸ್ಕೋರ್ ರಿತೇಶನದ್ದಕ್ಕಿಂತ ಕಡಿಮೆ. ಅವನ ನೆರಳಿನ ಹಾಗೆ ಓಡಾಡುವ ಪ್ರಖ್ಯಾತ್ ಹಿಂದಿನಿಂದ ಕೂಗಿದ, "ಹೋಯ್, ಬಲೆ ತೂತಾಯ್ತಾ?" ಹುಡುಗರೆಲ್ಲ ನಕ್ಕರು.

ಅವಳು ಏಳಲಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ ತೆರೆದಳು. ಅರವತ್ತು.

"ಸರ್, ಇವನು ಅರವತ್ತಕ್ಕೆ ಇಳಿಸಿ ಕೊಟ್ಟಿದ್ದಾನೆ."

"ನಾನಾ? ತನ್ನಷ್ಟಕ್ಕೇ ಆಗಿರ್ಬೇಕು. ಸೋತದ್ದಕ್ಕೆ ನೆಪ ಸರ್ ಇದು," ಅಂದ ರಿತೇಶ್.

ಸರ್ ಪರದೆ ನೋಡಿದರು, ಆಮೇಲೆ ರಿತೇಶನನ್ನು ನೋಡಿದರು. ಕಾಲೇಜಿನ ಹೊಸ ಸಭಾಂಗಣಕ್ಕೆ ಕಲ್ಲು ಕೊಟ್ಟದ್ದು ಇವನ ಅಪ್ಪ. ಆ ಕಲ್ಲು ಈಗ ಸರ್ ನಾಲಗೆಯ ಮೇಲೆ ಕೂತಿತ್ತು.

"ಇರ್ಲಿ ಬಿಡು ಮಾರಾಯ್ತಿ. ಅರವತ್ತಾದರೆ ಎಂತ, ನೂರ ಎಂಬತ್ತಾದರೆ ಎಂತ? ಮನುಷ್ಯರ ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ."

ಕಾಣುವುದಿಲ್ಲ! ಪ್ರಿನ್ಸಿಪಾಲರ ಕೋಣೆಯಲ್ಲಿ ಸೋಲು ಗೆಲುವೇ ಆಗಿದ್ದದ್ದು ಅವಳ ಸರದಿ ಬರುವಷ್ಟರಲ್ಲಿ ಮಾಯ. ಅಮ್ಮ ವಾರಿಜಾ ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ಮೂಗಿಗೆ ಕರವಸ್ತ್ರ ಒತ್ತುವವರಿಗೆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಯಾಕೆ ಎಂದು ಕೇಳಿದರೆ ಮಾತ್ರ, "ಎಂಥ ವ್ಯತ್ಯಾಸ, ನಾವೆಲ್ಲ ಒಂದೇ ಅಲ್ವಾ?" ಅನ್ನುತ್ತಾರೆ.

ಅವಳು ಎದ್ದಳು. ಕಪಾಟಿನ ಮೇಲಿದ್ದ ಖಾಲಿ ಪೆಟ್ಟಿಗೆ ಇಳಿಸಿ, ಮಾನಿಟರಿನ ಕೇಬಲ್ ಕಳಚಿದಳು.

"ಎಂತ ಮಾಡ್ತೀ?" ರಿತೇಶ್ ಕೇಳಿದ.

"ಹಿಂದೆ ಕೊಡ್ತೇನೆ. ವಾರದೊಳಗೆ ತಂದರೆ ತೆಗೆದುಕೊಳ್ತೇವೆ ಅಂದಿದ್ದಾನೆ ಅಂಗಡಿಯವನು. ಕಣ್ಣಿಗೆ ಕಾಣದ್ದಕ್ಕೆ ಕಾಲೇಜಿನ ಹಣ ಯಾಕೆ ಸರ್? ಅವತ್ತು ಹೇಳಿದ್ದು ಸುಳ್ಳು ಅಂತ ಪ್ರಿನ್ಸಿಪಾಲರಿಗೆ ನೀವೇ ಹೇಳಿಬಿಡಿ. ತಂಡ ಹಳೆಯದರಲ್ಲೇ ಆಡಲಿ. ಇವನೂ."

ರಿತೇಶ್ ನುಗ್ಗಿ ಬಂದು ಪೆಟ್ಟಿಗೆ ಕಸಿದ. "ಇಡು ಅಲ್ಲಿ! ಅರವತ್ತರಲ್ಲಿ ಯಾರಿಗೆ ಆಡ್ಲಿಕ್ಕಾಗ್ತದೆ? ಎದುರಿನವ ಕಾಣುವ ಮೊದಲೇ ಸತ್ತುಹೋಗ್ತೇವೆ!"

ಪ್ರಖ್ಯಾತ್ ತನ್ನ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದ.

"ಕಣ್ಣಿಗೆ ಕಾಣದಿದ್ದರೆ ಬೇಡ ಸರ್," ಅಂದಳು ಸೌಮ್ಯಶ್ರೀ. "ಕಿವಿಗೆ ಬಿತ್ತಲ್ಲ?"

"ಸರಿ, ಇಬ್ಬರನ್ನೂ ಇನ್ನೊಂದು ಸಲ ಆಡಿಸುವ," ಅಂದರು ಸರ್, ಯಾರ ಮುಖವನ್ನೂ ನೋಡದೆ.

"ಅವನದ್ದು ಮುಗಿದಿದೆ. ಬಾಕಿ ಇರುವುದು ನನ್ನದು."

ಕೇಬಲ್ ಸಿಕ್ಕಿಸಿ ನೂರ ಎಂಬತ್ತಕ್ಕೆ ಏರಿಸಿದಳು. ಎಲ್ಲರಿಗೂ ಕಾಣಲೆಂದು ಕುರ್ಚಿ ಬದಿಗೆ ಸರಿಸಿ ತೋರಿಸಿದಳು. ಮತ್ತೆ ಕೂತು ಆಡಿದಳು. ರಿತೇಶನ ಸ್ಕೋರ್ ದಾಟಿದ ಮೇಲೂ ಕೈ ಸಡಿಲ ಬಿಡಲಿಲ್ಲ. ಸಮಯ ಮುಗಿಯುವ ತನಕ ಹೊಡೆದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ.

"ಜಾಗ ಸೌಮ್ಯಶ್ರೀಗೆ," ಅಂದರು ಸರ್. ಆಮೇಲೆ ದನಿ ಮೆತ್ತಗೆ ಮಾಡಿ, "ರಿತೇಶನನ್ನು ಬದಲಿ ಆಟಗಾರನಾಗಿ ಇಟ್ಟುಕೊಳ್ಳುವ. ಅವನಿಗೂ ಇದರಲ್ಲಿ ಅಭ್ಯಾಸ ಬೇಕಲ್ಲ, ನೀನು ಸ್ವಲ್ಪ ಅಡ್ಜಸ್ಟ್..."

ಸೌಮ್ಯಶ್ರೀ ಕುರ್ಚಿ ಬಿಡಲಿಲ್ಲ. ಗೋಡೆ ಬದಿಯ ಹಳೆಯ ಮಾನಿಟರಿನ ಕಡೆ ಬೆರಳು ತೋರಿಸಿದಳು.

"ಅದರಲ್ಲಿ ಆಡಲಿ ಸರ್. ಮನುಷ್ಯರ ಕಣ್ಣಿಗೆ ಕಾಣುವುದಿಲ್ಲವಂತೆ."