ಭಾವನ ಗಡಿಯಾರ

ಬ್ಲೇಡು ಜಾರಿತು. ಕೈಗಡಿಯಾರದ ಗಾಜಿನ ಸುತ್ತ ಕೂತಿದ್ದ ಅಂಕಿಗಳ ಬಳೆ ಸೊಟ್ಟಗಾಗಿ ಎದ್ದು, ಅವನ ಹೆಬ್ಬೆರಳನ್ನೂ ಸ್ವಲ್ಪ ಕೊಯ್ದು, ಟಕ್ಕೆಂದು ಮೇಜಿನ ಮೇಲೆ ಬಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಅವನಿಗೆ ಅದೇ ನೆಮ್ಮದಿ ಎನ್ನಿಸಿತು.

ಜ್ವರ ಎಂದು ಕಾಲೇಜಿಗೆ ರಜೆ ಹಾಕಿದ್ದ. ತತ್ತ್ವಶಾಸ್ತ್ರದ ಮೇಷ್ಟ್ರಿಗೆ ಜ್ವರ ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಜ್ವರ ಇಲ್ಲದಾಗಲೂ ಕೇಳುವುದಿಲ್ಲ.

ಗಡಿಯಾರ ಭಾವನದು, ಅಕ್ಕನ ಗಂಡನದು. ಅವರು ಬಂದರಿನಲ್ಲಿ ಮುಳುಗುಗಾರರಾಗಿದ್ದರು. ಹಡಗುಗಳ ತಳಕ್ಕೆ ಅಂಟಿದ ಚಿಪ್ಪು ಕೆರೆದು ಕೆರೆದು ಇವನನ್ನು ಎಂ.ಎ. ತನಕ ಓದಿಸಿದ್ದರು. ಒಡೆದ ಹಡಗೊಂದನ್ನು ಉಳಿಸಿದ್ದಕ್ಕೆ ಅದರ ಮಾಲೀಕ ಕೊಟ್ಟಿದ್ದ ದುಬಾರಿ ಗಡಿಯಾರ ಅದು. ನೀರಿನ ಕೆಲಸ ಬಿಟ್ಟ ದಿನ ತಮ್ಮ ಕೈಯಿಂದ ಬಿಚ್ಚಿ ಇವನ ಕೈಗೆ ಕಟ್ಟಿದ್ದರು. ಅದನ್ನು ಕಟ್ಟಿಕೊಂಡು ಇವನು ಪಾಠಕ್ಕೆ ಹೋಗುತ್ತಾನೆ. ಇವನಿಗೆ ಈಜು ಬರುವುದಿಲ್ಲ.

ಕೃತಜ್ಞತೆ ಎಂಬ ವಿಷಯದ ಮೇಲೆ ಅವನು ದೊಡ್ಡ ಸಭೆಯೊಂದರಲ್ಲಿ ಪ್ರಬಂಧ ಮಂಡಿಸಿದ್ದ. ಚಪ್ಪಾಳೆ ಬಿದ್ದಿತ್ತು. ಭಾವನ ಎದುರು ಮಾತ್ರ ಬಾಯಿ ಕಟ್ಟುತ್ತಿತ್ತು. ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೆ ಇವತ್ತು ಭಾವ ಎದುರಿನ ಆಸ್ಪತ್ರೆಗೆ ಶ್ವಾಸಕೋಶದ ಪರೀಕ್ಷೆಗೆ ಬಂದಿದ್ದರು. ಮುಗಿಸಿಕೊಂಡು ಕಾಫಿಗೆ ಬರುವವರಿದ್ದರು. ಇವತ್ತು ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ ಎಂದು ಯಾಕೋ ಅನ್ನಿಸಿತ್ತು. ಬಿಸಿಲು, ಉಪ್ಪುನೀರು ತಿಂದು ಬೂದಿಯ ಬಣ್ಣಕ್ಕೆ ತಿರುಗಿದ್ದ ಬಳೆಯನ್ನು ತೆಗೆದು ಹೊಸದನ್ನು ಕೂರಿಸಿ ತೋರಿಸಿದರೆ ಮಾತಿಗೊಂದು ನೆಪವಾಗುತ್ತದೆ. ಅಂಗಡಿಗೆ ಕೊಡಬಹುದಿತ್ತು. ಆದರೆ ಭಾವ ತನಗಾಗಿ ಮಾಡಿದ್ದೆಲ್ಲ ಕೈಯಾರೆ.

ಹೊಸ ಬಳೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಸೊನ್ನೆಯ ಜಾಗದ ತ್ರಿಕೋನವನ್ನು ಹನ್ನೆರಡಕ್ಕೆ ಸರಿಯಾಗಿ ಹಿಡಿದ. ಒಂದು ಹನಿ ಅಂಟು ಸಾಕೆಂದು, ಇದನ್ನು ಕಲಿಯಲು ನೋಡಿದ್ದ ವೀಡಿಯೋದವನು ಹೇಳಿದ್ದ. ಅವನು ಸುತ್ತಲೂ ಧಾರಾಳವಾಗಿ ಎಳೆದ. ಭಾವನ ವಿಷಯದಲ್ಲಿ ಒಂದು ಹನಿಗೆ ನಿಲ್ಲಿಸುವುದು ಹೇಗೆ? ಒತ್ತಿ ಹಿಡಿದು ಕೂತ. ಕಣ್ಣು ಒದ್ದೆಯಾದದ್ದು ಅಂಟಿನ ಘಾಟಿಗಿರಬೇಕು ಅಂದುಕೊಂಡ. ಅಲ್ಲ, ಖುಷಿಯಾಗಿತ್ತು.

ಬೆಲ್ ಆಯಿತು.

"ಏನ್ ಮೇಷ್ಟ್ರೇ, ಜ್ವರ ಅಂತೆ? ನಿಮ್ಮಕ್ಕ ಫೋನ್ ಮಾಡಿದ್ಲು."

"ಸ್ವಲ್ಪ. ಬನ್ನಿ ಭಾವ. ಡಾಕ್ಟ್ರು ಏನಂದ್ರು?"

"ಏನಂತಾರೆ. ಉಸಿರು ಎಳೀರಿ ಅಂದ್ರು, ಎಳ್ದೆ. ಬಿಡಿ ಅಂದ್ರು, ಬಿಟ್ಟೆ. ಅದಕ್ಕೆ ಅಷ್ಟು ದೊಡ್ಡ ಮೆಷೀನು."

"ಆಮೇಲೆ?"

"ಕಾಫಿ ಇದ್ಯೋ ಇಲ್ವೋ?"

ಕಾಫಿ ಕೊಟ್ಟ. ಗಡಿಯಾರವನ್ನೂ ಕೈಗಿಟ್ಟ. ಭಾವ ಕಣ್ಣರಳಿಸಿದರು. "ಹೊಸಾದು ಮಾಡ್ಬಿಟ್ಟಿದೀಯಲ್ಲೋ! ನೀನೇನಾ ಮಾಡಿದ್ದು?" ಎನ್ನುತ್ತಲೇ ಅವರ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಬಳೆಯ ಅಂಚಿಗೆ ಹೋಗಿ ತಿರುಗಿಸಲು ನೋಡಿದವು. ಅದು ತಿರುಗಲಿಲ್ಲ. ಇನ್ನೊಮ್ಮೆ ಬಲ ಹಾಕಿದರು. ಕದಲಲಿಲ್ಲ. ಅಂಟು ಕೆಳಗಿಳಿದು ಎಲ್ಲವನ್ನೂ ಕಚ್ಚಿಕೊಂಡಿತ್ತು.

ಅದು ತಿರುಗುತ್ತದೆಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಕೈಯಲ್ಲಿದ್ದರೂ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

"ಇದು... ಯಾತಕ್ಕೆ ಭಾವ?"

"ನೀರಿಗಿಳಿಯೋವಾಗ ತ್ರಿಕೋನಾನ ನಿಮಿಷದ ಮುಳ್ಳಿಗೆ ತಿರುಗಿಸಿ ಇಡೋದು. ಎಷ್ಟು ಹೊತ್ತಾಯ್ತು, ಇನ್ನೆಷ್ಟು ಗಾಳಿ ಇದೆ, ಗೊತ್ತಾಗುತ್ತೆ. ಒಂದೇ ಕಡೆಗೆ ತಿರುಗೋದು. ಎಲ್ಲಾದ್ರೂ ತಗುಲಿ ಜರುಗಿದ್ರೂ ಗಾಳಿ ಕಮ್ಮಿ ಇದೆ ಅಂತ ತೋರಿಸ್ಬೇಕೇ ಹೊರತು ಜಾಸ್ತಿ ಇದೆ ಅಂತ ಅಲ್ಲ."

ಅವನ ಮುಖ ಬಿಳಿಚಿಕೊಂಡಿರಬೇಕು. ಭಾವ ನಕ್ಕರು.

"ಬಿಡೋ. ನೀನು ತಿರುಗಿಸೋ ಹಾಗಾಗ್ಬಾರ್ದು ಅಂತಾನೇ ಅಲ್ವಾ ನಾನು ಇಳೀತಿದ್ದದ್ದು."

ಅದು ಬರೀ ಪ್ರೀತಿಯ ಮಾತು. ಕೊಂಕು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ಈಗ, ಈಗಲೇ ಎಂದುಕೊಂಡ.

"ಇನ್ನೊಂದ್ ಸ್ವಲ್ಪ ಕಾಫಿ?" ಎಂದ.

"ಬೇಡಪ್ಪ. ನಿಮ್ಮಕ್ಕ ಕಾಯ್ತಿರ್ತಾಳೆ. ಜ್ವರ ನೋಡ್ಕೋ." ಗಡಿಯಾರವನ್ನು ಇವನ ಕೈಗೆ ಕಟ್ಟಿ ಪಟ್ಟಿ ಬಿಗಿಮಾಡಿ ಎದ್ದರು. ಬಾಗಿಲ ತನಕ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಂತು, ಗೋಡೆಯ ಬಣ್ಣ ಚೆನ್ನಾಗಿದೆ ಎಂದರು.

ಅವನಿದ್ದ ಕಟ್ಟಡದ ಲಿಫ್ಟು ಗಾಜಿನದು; ಅಲ್ಲಿಯ ತನಕ ಜೊತೆಗೆ ಹೋದ. ಭಾವ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಆಗ ಅವನಿಗೆ ಬಾಯಿ ಬಂತು.

"ಭಾವ, ನೀವಿಲ್ದಿದ್ರೆ ನಾನಿಲ್ಲ," ಎಂದ. ಗಾಜಿಗೆ ಮುಖ ಆನಿಸಿ ಮತ್ತೆ ಕೂಗಿದ.

ಕೇಳಿಸುತ್ತಿಲ್ಲ ಎಂದು ಭಾವ ನಗುತ್ತ ಕಿವಿಯ ಬಳಿ ಕೈ ಆಡಿಸಿದರು. ಲಿಫ್ಟು ಇಳಿಯಿತು. ಮೊದಲು ಕಾಲು, ಆಮೇಲೆ ಸೊಂಟ, ಭುಜ; ಕೊನೆಗೆ ನೆಲದ ಮಟ್ಟದಲ್ಲಿ ನರೆತ ನೆತ್ತಿಯೊಂದೇ ತೇಲಿ, ಅದೂ ಮುಳುಗಿತು. ಗಾಜಿನ ಮೇಲೆ ಅವನ ಉಸಿರು ಬಿಳಿಯ ಮಚ್ಚೆಯಾಗಿ ನಿಂತಿತ್ತು. ಅದು ಅಂಚಿನಿಂದ ಒಳಮುಖವಾಗಿ ಸಣ್ಣದಾಗುತ್ತ ಬಂತು. ಭಾವನ ಉಸಿರಿನ ಪರೀಕ್ಷೆ ನೆನಪಾಗಿ, ಇನ್ನೊಮ್ಮೆ ಊದಲು ಅವನಿಗೆ ಧೈರ್ಯವಾಗಲಿಲ್ಲ.