ಕೂದಲೆಳೆಯಷ್ಟು ಜಾಗ

ಐವತ್ತನಾಲ್ಕು ದಾಟಿದ ಮೇಲೆ ಬುದ್ಧಿ ಇರುವವರು ಮಂಡಿಗೆ ಹಚ್ಚುವ ಎಣ್ಣೆ ಕೊಂಡು ತರುತ್ತಾರೆ. ಸೆಕೆಂಡಣ್ಣ ಮೋಟಾರ್ ಸೈಕಲ್ ಕೊಂಡು ತಂದ. ಅದೂ ಎಂಥದ್ದು ಅಂತೀರಿ, ವಯಸ್ಸಿನಲ್ಲಿ ಅವನಿಗಿಂತ ಮೂರು ವರ್ಷ ದೊಡ್ಡದು. ಗುಜರಿಯವನ ಟೆಂಪೋದಿಂದ ನಾಲ್ಕು ಜನ ಸೇರಿ ಅದನ್ನು ಬಾಗಿಲ ಮುಂದೆ ಇಳಿಸಿದಾಗ ಸೈಲೆನ್ಸರಿನ ಒಳಗಿಂದ ಒಂದು ಹಲ್ಲಿ ತಲೆ ಹಾಕಿ, ಬೀದಿಯನ್ನು ನೋಡಿ, ಇದಕ್ಕಿಂತ ಒಳಗೇ ವಾಸಿ ಎಂದು ವಾಪಸ್ ಹೋಯಿತು.

"ಇದೇನ್ರೀ ಇದು?" ಎಂದಳು ಹೆಂಡತಿ.

"ಬೈಕು."

"ಅದು ಕಾಣ್ತಿದೆ. ಯಾಕೆ ಅಂತ ಕೇಳಿದೆ."

ಯಾಕೆ ಎಂಬುದಕ್ಕೆ ಅವನ ಹತ್ತಿರ ಉತ್ತರವಿತ್ತು. ಅದನ್ನು ಹೇಳುವ ಬಾಯಿ ಇರಲಿಲ್ಲ. "ರಿಪೇರಿ ಮಾಡ್ತೀನಿ. ನಾನೇ," ಎಂದ. ಹೆಂಡತಿ ಒಮ್ಮೆ ಬೈಕನ್ನೂ ಒಮ್ಮೆ ಗಂಡನನ್ನೂ ನೋಡಿ, ಯಾವುದು ಹೆಚ್ಚು ಕೆಟ್ಟಿದೆ ಎಂದು ತೀರ್ಮಾನಿಸಲಾಗದೆ ಒಳಗೆ ನಡೆದಳು.

ಅವನ ಕಸುಬು ಗಡಿಯಾರ ರಿಪೇರಿ. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದ ಬಂದ ಭೂತಗನ್ನಡಿ, ಜಂಬ ಮಾತ್ರ ಸ್ವಂತ ಸಂಪಾದನೆ. ಯಾರಾದರೂ "ಗಂಟೆ ಎಷ್ಟಣ್ಣಾ?" ಎಂದರೆ ಗಂಟೆ, ನಿಮಿಷ, ಸೆಕೆಂಡು ಮೂರನ್ನೂ ಹೇಳುತ್ತಿದ್ದ. ಅದಕ್ಕೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದು. ಹೇಳಿ ಮುಗಿಸುವಷ್ಟರಲ್ಲಿ ಆ ಸೆಕೆಂಡು ಕಳೆದೇ ಹೋಗಿರುತ್ತದೆ ಎಂಬುದು ಅವನಿಗೆ ಹೊಳೆದದ್ದು ತೀರಾ ಈಚೆಗೆ.

ಈ ಸೆಕೆಂಡಣ್ಣನಿಗೆ ಒಬ್ಬ ತಮ್ಮ. ಅದೇ ಊರಿನ ಏರುರಸ್ತೆಯ ತುದಿಯಲ್ಲಿ ಬೈಕ್ ರಿಪೇರಿಯ ಗ್ಯಾರೇಜು. ಹನ್ನೊಂದು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಹೆಂಗಸರು ಮಕ್ಕಳು ಹೋಗಿ ಬಂದು ಮಾಡುತ್ತಾರೆ, ಇವರಿಬ್ಬರು ಮಾತ್ರ ಎದುರು ಬಂದರೆ ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ಚಪ್ಪಲಿ ನೋಡಿಕೊಳ್ಳುತ್ತಾನೆ. ಆಸ್ತಿಯ ಜಗಳವೋ ಅಂದರೆ ಅಲ್ಲ. ಗ್ಯಾರೇಜು ತೆರೆಯುವ ದಿನ ತಮ್ಮ ಹೊಸ ಅಂಗಿ ಹಾಕಿಕೊಂಡು ಅಣ್ಣನನ್ನು ಕರೆಯಲು ಅಂಗಡಿಗೆ ಬಂದಿದ್ದ. ಅಂಗಡಿ ತುಂಬ ಗಿರಾಕಿಗಳು. ಸೆಕೆಂಡಣ್ಣ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಹೇಳಿದ್ದ: "ಗಡಿಯಾರ ಅಂದ್ರೆ ವಿದ್ಯೆ ಕಣೋ. ನಿಂದೇನು? ಒಂದು ಸುತ್ತಿಗೆ ಇದ್ರೆ ಯಾರು ಬೇಕಾದ್ರೂ ಮಾಡ್ತಾರೆ."

ಗಿರಾಕಿಗಳು ನಕ್ಕರು. ಅವರು ನಕ್ಕದ್ದು ನೋಡಿ ಇವನಿಗೆ ಖುಷಿಯಾಯಿತು. ತಮ್ಮ ನಗಲಿಲ್ಲ. ಸುಮ್ಮನೆ ಮೆಟ್ಟಿಲಿಳಿದು ಹೋದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಒಡೆದದ್ದು ಏನೇ ಇರಲಿ ಕೂಡಿಸಿಕೊಡುವ ಕಸುಬಿನವನೇ ಇದನ್ನು ಒಡೆದು, ಹನ್ನೊಂದು ವರ್ಷ ನೋಡುತ್ತಾ ಕೂತ.

ಹೀಗಿರುವಾಗ ಒಂದು ದಿನ ಹೆಂಡತಿ ಪಾತ್ರೆ ಒರೆಸುತ್ತಾ, "ನಿಮ್ಮ ತಮ್ಮ ಗ್ಯಾರೇಜು ಖಾಲಿ ಮಾಡ್ತಿದ್ದಾರೆ. ಇನ್ನೆರಡು ತಿಂಗಳು. ಆಮೇಲೆ ಸಂಸಾರ ಸಮೇತ ಬೇರೆ ಊರಿಗೆ. ತೊಂಬತ್ತು ಕಿಲೋಮೀಟರ್ ಅಂತೆ," ಎಂದಳು. ಸೆಕೆಂಡಣ್ಣ "ಹೂಂ" ಎಂದ. ಎಂದವನು ಅವತ್ತು ಅಂಗಡಿಯಲ್ಲಿ ಒಬ್ಬರ ವಾಚಿನ ಗಾಜನ್ನು ಇನ್ನೊಬ್ಬರ ವಾಚಿಗೆ ಕೂರಿಸಿದ. ಒಂದೇ ಊರಿನಲ್ಲಿದ್ದುಕೊಂಡು ಮಾತು ಬಿಡುವುದು ಬೇರೆ. ಇವತ್ತಲ್ಲ ನಾಳೆ ಸರಿಹೋಗುತ್ತದೆ ಅನ್ನುವ ಧೈರ್ಯ ಇರುತ್ತದೆ. ತಮ್ಮ ಊರು ಬಿಟ್ಟ ಮೇಲೆ ಆ ನಾಳೆಯೂ ಗಂಟುಮೂಟೆ ಕಟ್ಟಿಕೊಂಡು ಹೋದಂತೆಯೇ. ಅವನಿಗೆ ಹೆದರಿಕೆಯಾಯಿತು.

ಹೋಗಿ "ತಪ್ಪಾಯ್ತು" ಅನ್ನಬಹುದಿತ್ತು. ಹತ್ತು ನಿಮಿಷದ ದಾರಿ, ಮೂರೇ ಅಕ್ಷರ. ಆದರೆ ಆ ಮೂರಕ್ಷರಕ್ಕಿಂತ ನೂರಾ ಅರವತ್ತು ಕಿಲೋ ಕಬ್ಬಿಣ ಬಿಚ್ಚಿ ಜೋಡಿಸುವುದೇ ಸುಲಭ ಎಂದು ನಮ್ಮ ಮಹಾರಾಯನಿಗೆ ಅನ್ನಿಸಿತು. ತಮ್ಮನಿಗೆ ಚಿಕ್ಕಂದಿನಿಂದಲೂ ಹಳೇ ಬೈಕಿನ ಹುಚ್ಚು. ರಸ್ತೆಯಲ್ಲಿ ಒಂದರ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಅಂಥದ್ದೊಂದನ್ನು ತಾನೇ ರಿಪೇರಿ ಮಾಡಿ ಗ್ಯಾರೇಜಿನ ಮುಂದೆ ಹೋಗಿ ನಿಲ್ಲಿಸಿದರೆ ತಮ್ಮ ಹೊರಗೆ ಬಂದೇ ಬರುತ್ತಾನೆ, ತಾನಾಗಿ ಮಾತಾಡಿಸುತ್ತಾನೆ, ಆಗ ಅಣ್ಣ ದೊಡ್ಡ ಮನಸ್ಸು ಮಾಡಿ ಉತ್ತರ ಕೊಡುವುದು. ಇದು ಯೋಜನೆ. ಊರಿನ ಒಳ್ಳೇ ಮೆಕ್ಯಾನಿಕ್ ಒಡಹುಟ್ಟಿದವನೇ ಆಗಿರುವಾಗ, ಅವನ ಜೊತೆ ಮಾತಾಡುವುದಕ್ಕೋಸ್ಕರ ಅವನನ್ನು ಕೇಳದೆ ಬೈಕ್ ರಿಪೇರಿ ಮಾಡುವುದು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರು ಕೂಡ ಇವನನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಕು.

ಕೆಲಸ ಶುರುವಾಯಿತು. ಮುಂದಿನ ಕೋಣೆಯಿಂದ ಕುರ್ಚಿಗಳು ಹೊರಗೆ, ಬೈಕು ಒಳಗೆ. ಬಿಚ್ಚಿದ ಒಂದೊಂದು ಬೋಲ್ಟಿಗೂ ವಾಚಿನ ಭಾಗ ಇಡುವ ಪುಟ್ಟ ಡಬ್ಬಿ, ಡಬ್ಬಿಗೊಂದು ಚೀಟಿ. ನಟ್ಟುಗಳನ್ನು ಚಿಮಟದಲ್ಲಿ ಎತ್ತಿದ. ಚೈನಿಗೆ ಸೂಜಿಯ ತುದಿಯಿಂದ ಕೊಂಡಿಗೆ ಒಂದು ತೊಟ್ಟಿನಂತೆ ಎಣ್ಣೆ ಬಿಟ್ಟ. ಅದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಕಾರ್ಬುರೇಟರ್ ಒಂದನ್ನು ಮಾತ್ರ, ಸುಳ್ಳು ಹೇಳಬಾರದು, ಚೆನ್ನಾಗಿ ತೊಳೆದು ಕೂರಿಸಿದ. ಆಮೇಲೆ ಸುಧಾರಣೆಗಳು: ಹೊಸ ಸೀಟು, ಹೊಸ ವೈರಿಂಗ್, ಪ್ರಖರವಾದ ದೀಪ, ಹ್ಯಾಂಡಲ್ ಮೇಲೆ ಹಿತ್ತಾಳೆ ಕಟ್ಟಿನ ಒಂದು ಗಡಿಯಾರ. ಎಂಜಿನ್ನು ಉಸಿರೆತ್ತದಿದ್ದ ಆ ಒಂದೂವರೆ ತಿಂಗಳೂ ಗಡಿಯಾರ ಮಾತ್ರ ಒಂದು ಸೆಕೆಂಡೂ ತಪ್ಪಲಿಲ್ಲ. ಬೈಕು ಎಷ್ಟು ಹೊತ್ತಿನಿಂದ ಕೆಟ್ಟು ನಿಂತಿದೆ ಎಂದು ಕರಾರುವಾಕ್ಕಾಗಿ ಹೇಳಬಹುದಿತ್ತು.

ಹಳೇ ಬೈಕಿನ ಸಾಮಾನು ಸಿಗುವುದೇ ಕಷ್ಟ. ಆದರೆ ಅವನ ಹೆಂಡತಿಗೆ ಸಿಗುತ್ತಿತ್ತು. ಬೆಳಿಗ್ಗೆ "ಕ್ಲಚ್ ಕೇಬಲ್" ಎಂದು ಗೊಣಗಿದರೆ ಸಂಜೆ ಚೀಲದಲ್ಲಿ ಕ್ಲಚ್ ಕೇಬಲ್. ಗ್ಯಾಸ್ಕೆಟ್, ಕಿಕ್ಕರಿನ ಸ್ಪ್ರಿಂಗು, ಬ್ರೇಕಿನ ಶೂ, ಎಲ್ಲ ಅಳತೆ ತೆಗೆದಂತೆ ಸರಿಯಾಗಿ.

"ನಿಂಗೆ ಹೇಗೆ ಸಿಗುತ್ತೆ ಮಾರಾಯ್ತಿ?"

"ಕೇಳಿದ್ರೆ ಸಿಗುತ್ತೆ. ನೀವು ಕೇಳಲ್ಲ, ಅಷ್ಟೆ."

ಒಂದು ಸಲ ಪೊಟ್ಟಣದಲ್ಲಿ ಇವನು ಹೇಳದೇ ಇದ್ದ ವಸ್ತುವೊಂದು ಬಂತು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳು, ಪ್ರತಿಯೊಂದರ ಮೇಲೂ ಒಂದು ಸಂಖ್ಯೆ. "ಇದೂ ಬೇಕಾಗುತ್ತೆ ಅಂದ್ರು," ಎಂದಳು ಹೆಂಡತಿ. ಯಾರು, ಯಾತಕ್ಕೆ ಎಂದು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೆಕೆಂಡಣ್ಣ ಪಟ್ಟಿಗಳನ್ನು ಬೆಳಕಿಗೆ ಹಿಡಿದು, ಆಹಾ ಎಂಥ ಕೆಲಸ ಎಂದು ಮೆಚ್ಚಿಕೊಂಡು, ಅಂಗಡಿಗೆ ಒಯ್ದು, ವಾಚುಗಳ ಹಿಂದಿನ ಮುಚ್ಚಳ ಎಬ್ಬಿಸಲು ಬಳಸತೊಡಗಿದ. ಅವತ್ತಿನಿಂದ ಅವು ಸದಾ ಅವನ ಅಂಗಿಯ ಜೇಬಿನಲ್ಲೇ.

ತಮ್ಮ ಹೊರಡಲು ಹತ್ತು ದಿನ ಇರುವಾಗ ಎಂಜಿನ್ನು ಎದ್ದಿತು. ಇಪ್ಪತ್ತೊಂದನೇ ಒದೆತಕ್ಕೆ. ಹಲ್ಲಿ ಅವತ್ತೇ ಮನೆ ಬದಲಿಸಿತು. ಗುಡುಗುಡು ಸದ್ದಿಗೆ ಸೆಕೆಂಡಣ್ಣನ ಕಣ್ಣಲ್ಲಿ ನೀರು ಬಂತು. ಆದರೆ ಮರುಗಳಿಗೆಯಲ್ಲೇ ಅವನ ಕಿವಿ ನೆಟ್ಟಗಾಯಿತು. ಗುಡುಗುಡಿನ ಮೇಲೆ, ಎಂಜಿನ್ನಿನ ತಲೆಯ ಕಡೆಯಿಂದ, ಟಿಕ್ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು.

ಮೂವತ್ತು ವರ್ಷ ಟಿಕ್ ಟಿಕ್ ಕೇಳಿಯೇ ಅನ್ನ ತಿಂದವನು. ಟಿಕ್ ಟಿಕ್ಕಿನ ಲೋಪದೋಷ ತನಗಲ್ಲದೆ ಇನ್ಯಾರಿಗೆ ಗೊತ್ತು? ಮುಚ್ಚಳ ಬಿಚ್ಚಿ ನೋಡಿದ. ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಸಂದು. ಕೂದಲೆಳೆಯಷ್ಟೇ, ಆದರೂ ಸಂದು ಸಂದೇ. ಕಬ್ಬಿಣದ ಮೇಲೆ ಕಬ್ಬಿಣ ಸರಿಯಾಗಿ ಕೂರದೆ ಲೊಟಗುಟ್ಟುತ್ತಿದೆ! ಇದನ್ನು ಮಾಡಿದ ಕಂಪನಿಯವರಿಗೆ ಅಳತೆಯೇ ಗೊತ್ತಿಲ್ಲ ಎಂದು ಬೈದುಕೊಂಡು, ಸ್ಕ್ರೂ ತಿರುಗಿಸಿ, ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿ, ಸಂದೇ ಇಲ್ಲದ ಹಾಗೆ ಮುಚ್ಚಿದ. ಮತ್ತೆ ಒದ್ದು ಎಂಜಿನ್ನು ಎಬ್ಬಿಸಿದ. ಟಿಕ್ ಟಿಕ್ ಮಾಯ.

"ಕೇಳು ಬಾ ಇಲ್ಲಿ!" ಎಂದು ಹೆಂಡತಿಯನ್ನು ಕೂಗಿದ.

"ಏನು ಕೇಳ್ಬೇಕು?"

"ಏನೂ ಕೇಳ್ತಾ ಇಲ್ಲ ಅಲ್ವಾ? ಅದನ್ನೇ ಕೇಳು."

ಅವಳು ಹಣೆ ಒತ್ತಿಕೊಂಡು ಒಳಗೆ ಹೋದಳು.

ಆ ವಾರವೆಲ್ಲ ಬೀದಿಯ ತುದಿಯವರೆಗೆ ಹೋಗಿ ಬರುವುದು, ಆರಿಸುವುದು, ಒರೆಸುವುದು. ಕೊನೆಯ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕನ್ನಡಿಯ ಮುಂದೆ "ಓ, ಹೀಗೇ ಈ ಕಡೆ ಬಂದಿದ್ದೆ" ಎಂದು ಎರಡು ಸಲ ಹೇಳಿ ನೋಡಿಕೊಂಡು ಹೊರಟ. ಪೇಟೆ ದಾಟುವವರೆಗೆ ಬೈಕು ಬೆಕ್ಕಿನ ಹಾಗೆ ಹೋಯಿತು. ಏರುರಸ್ತೆ ಶುರುವಾದಲ್ಲಿ ಸ್ವಲ್ಪ ಮುಗ್ಗರಿಸಿತು. ಗ್ಯಾರೇಜಿನ ಬೋರ್ಡು ಕಾಣುವಷ್ಟರಲ್ಲಿ ಏದುಸಿರು ಬಿಟ್ಟಿತು. ಇನ್ನು ನಲವತ್ತು ಹೆಜ್ಜೆ ಇದೆ ಅನ್ನುವಾಗ ಫುಸ್ಸೆಂದು ನಿಂತೇಹೋಯಿತು. ಹ್ಯಾಂಡಲಿನ ಗಡಿಯಾರ ಹತ್ತು ಗಂಟೆ ಹದಿನೇಳು ನಿಮಿಷ ನಲವತ್ತು ಸೆಕೆಂಡು ತೋರಿಸುತ್ತಿತ್ತು.

ಒದ್ದ. ಕಿಕ್ಕರು ಹಿಡಿತವೇ ಇಲ್ಲದೆ ಮೆತ್ತಗೆ ಕೆಳಗಿಳಿಯಿತು. ಮತ್ತೆ ಒದ್ದ. ಬೆವರು ಇಸ್ತ್ರಿಯನ್ನೆಲ್ಲ ಕರಗಿಸಿತು. ಹಿಂದೆ ಇಳಿಜಾರು, ವಾಪಸ್ ಹೋಗುವುದಾದರೆ ತಳ್ಳಲೂ ಬೇಕಾಗಿರಲಿಲ್ಲ, ಜಾರಿಕೊಂಡು ಮನೆ ಸೇರಬಹುದಿತ್ತು. ಅವನು ಕಿಕ್ಕರಿನಿಂದ ಕಾಲು ತೆಗೆದು ಹಿಂದೆ ತಿರುಗಿಯೂ ನೋಡಿದ. ಆದರೆ ಗ್ಯಾರೇಜಿನ ಮುಂದೆ ಮರದ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯಲಾಗಿತ್ತು. ಬೋರ್ಡಿನ ಒಂದು ಕಡೆಯ ಮೊಳೆ ಆಗಲೇ ಕಿತ್ತಾಗಿತ್ತು. ಇವತ್ತು ಬಿಟ್ಟರೆ ಇಲ್ಲ. ಸೆಕೆಂಡಣ್ಣ ಹಲ್ಲು ಕಚ್ಚಿ ಬೈಕನ್ನು ಏರಿನ ಮೇಲಕ್ಕೇ ತಳ್ಳಿದ.

ತಮ್ಮ ಬಾಗಿಲಲ್ಲಿ ನಿಂತಿದ್ದ. ತಲೆ ಅರ್ಧ ನರೆತಿತ್ತು. ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸುವವರೆಗೂ ಕಾದು, ಹನ್ನೊಂದು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಇದು: "ಟ್ಯಾಪೆಟ್ ಗ್ಯಾಪು ಎಷ್ಟು ಬಿಟ್ಟಿದ್ದೀಯ?"

ಇಂಗು ತಿಂದ ಮಂಗನಂತಾಗಿದ್ದರೂ ಜಟ್ಟಿ ಮೀಸೆ ಮಣ್ಣು ಮಾಡಿಕೊಳ್ಳಲಿಲ್ಲ. "ಗ್ಯಾಪಾ? ಗ್ಯಾಪೇ ಬಿಟ್ಟಿಲ್ಲ. ಒಂದು ಚೂರೂ ಸದ್ದಿಲ್ಲ, ನೋಡು."

"ಅದಕ್ಕೇ ಬೈಕೂ ಇಲ್ಲ," ಎಂದ ತಮ್ಮ. "ಕಬ್ಬಿಣ ಬಿಸಿಯಾದ್ರೆ ಹಿಗ್ಗುತ್ತೆ ಅಣ್ಣಾ. ಹಿಗ್ಗೋಕೆ ಜಾಗ ಇಲ್ದಿದ್ರೆ ವಾಲ್ವು ಪೂರ್ತಿ ಮುಚ್ಚಲ್ಲ, ಎಂಜಿನ್ನು ನಿಲ್ಲುತ್ತೆ. ಆ ಟಿಕ್ ಟಿಕ್ ಇರ್ಲೇಬೇಕು."

"ಹಾಗಾದ್ರೆ ಸರಿ ಮಾಡು."

"ಈಗಾಗಲ್ಲ. ಬಿಸಿ ಇರುವಾಗ ಗ್ಯಾಪು ನೋಡಬಾರದು. ಆರಬೇಕು."

"ಎಷ್ಟು ಹೊತ್ತು?"

"ಎರಡು ಗಂಟೆ."

ಎರಡು ಗಂಟೆ! ಸೆಕೆಂಡಣ್ಣ ಸಿದ್ಧಮಾಡಿಕೊಂಡು ಬಂದ ಮಾತು ಮೂರು ಸೆಕೆಂಡಿನದು. ತಮ್ಮ ಒಂದು ಪೆಟ್ಟಿಗೆಯನ್ನು ಕಾಲಿನಿಂದ ಅವನ ಕಡೆ ಸರಿಸಿದ, ಇನ್ನೊಂದರ ಮೇಲೆ ತಾನು ಕೂತ. ಇಬ್ಬರೂ ಬೈಕನ್ನೇ ನೋಡುತ್ತಾ ಕೂತರು. ಎದುರಿನ ಅಂಗಡಿಯಿಂದ ಚಹಾ ಬಂತು. ಬಿಸಿ ಎಂಜಿನ್ನು ಆಗಾಗ ಟಿಣ್ ಎನ್ನುತ್ತಿತ್ತು.

"ಕೇಬಲ್ ಸರಿಯಾಗಿ ಕೂತಿದೆ," ಎಂದ ತಮ್ಮ.

"ನಿನ್ನ ಅತ್ತಿಗೆ ತಂದಿದ್ದು. ಮಾರ್ಕೆಟ್ಟಿಂದ."

"ಯಾವ ಮಾರ್ಕೆಟ್ಟು?" ತಮ್ಮ ಅವನತ್ತ ತಿರುಗಿದ. "ಈ ಗಾಡಿಯ ಸಾಮಾನು ಈ ಊರಲ್ಲಿ ನನ್ನ ಹತ್ರ ಬಿಟ್ರೆ ಯಾರ ಹತ್ರ ಇದೆ? ಕೇಬಲ್ಲು, ಗ್ಯಾಸ್ಕೆಟ್ಟು, ಸ್ಪ್ರಿಂಗು ಎಲ್ಲಾ ನಾನೇ ಹುಡುಕಿ ಕೊಟ್ಟಿದ್ದು. ಗ್ಯಾಪು ಅಳೆಯೋ ಪಟ್ಟೀನೂ ಕಳಿಸಿದ್ನಲ್ಲ. ಅದೇನು ಮಾಡ್ದೆ?"

ಸೆಕೆಂಡಣ್ಣ ಅಂಗಿಯ ಜೇಬಿನಿಂದ ಪಟ್ಟಿಗಳ ಗೊಂಚಲು ತೆಗೆದ. ಎರಡು ಪಟ್ಟಿಗಳ ಮೂಗು ಬಾಗಿತ್ತು.

"ಇದ್ಯಾಕೆ ಹೀಗಾಗಿದೆ?"

"ಅದು... ವಾಚಿನ ಮುಚ್ಚಳ ಎಬ್ಬಿಸೋಕೆ ಚೆನ್ನಾಗಿತ್ತು."

ತಮ್ಮ ಪಟ್ಟಿಗಳನ್ನು ಇಸಿದುಕೊಂಡು ಬಾಗಿದ ಮೂಗುಗಳನ್ನು ಮುಟ್ಟಿ ನೋಡಿದ. ಆಮೇಲೆ ನಗತೊಡಗಿದ. ಚಹಾದ ಲೋಟ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹನ್ನೊಂದು ವರ್ಷದ ಹಿಂದೆ ಅಂಗಡಿಯಲ್ಲಿ ಎಲ್ಲರೂ ನಕ್ಕಾಗ ನಗದೇ ಹೋದವನು. ನಗೆ ನಿಂತಾಗ ಅವನ ಮುಖ ಚಿಕ್ಕದಾಯಿತು. "ಸುತ್ತಿಗೆ ಇದ್ರೆ ಯಾರು ಬೇಕಾದ್ರೂ ಮಾಡ್ತಾರೆ ಅಂದಿದ್ಯಲ್ಲ ಅಣ್ಣಾ," ಎಂದ. "ಅಷ್ಟು ಜನರ ಎದುರಿಗೆ."

ಆ ಮೂರಕ್ಷರ ನಾಲಿಗೆಯ ತುದಿಗೆ ಬಂತು. ಒಂದಕ್ಷರವೂ ಹೊರಬೀಳಲಿಲ್ಲ. ಸೆಕೆಂಡಣ್ಣ ತಲೆ ಕೆಳಗೆ ಹಾಕಿ ಕೂತ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಹನ್ನೆರಡೂವರೆಗೆ ತಮ್ಮ ಎಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟು ನೋಡಿ, ಮುಚ್ಚಳ ಬಿಚ್ಚಿದ. ಬಾಗದೆ ಉಳಿದಿದ್ದ ಪಟ್ಟಿಯೊಂದನ್ನು ಸಂದಿನಲ್ಲಿ ತೂರಿಸಿ, ಸ್ಕ್ರೂ ಒಂದಿಷ್ಟು ಸಡಿಲಿಸಿ, ಪಟ್ಟಿ ಎಳೆದು ನೋಡಿ, ನಟ್ಟು ಬಿಗಿದ. ಐದು ನಿಮಿಷದ ಕೆಲಸ. ಕೂದಲಿನ ಹತ್ತರಲ್ಲೊಂದು ಭಾಗವನ್ನು ಉಗುರಿನಲ್ಲೇ ಗುರುತಿಸುವ ಸೆಕೆಂಡಣ್ಣ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ. ಒಮ್ಮೆ ನೋಡಿದ್ದೇ ಸಾಕು, ಅವನ ಬೆರಳು ಕಲಿತುಬಿಟ್ಟಿತ್ತು.

ಮೊದಲ ಒದೆತಕ್ಕೇ ಎಂಜಿನ್ನು ಎದ್ದಿತು. ಗುಡುಗುಡಿನ ಮೇಲೆ ಟಿಕ್ ಟಿಕ್ ಟಿಕ್.

ತಮ್ಮ ಪಟ್ಟಿಗಳನ್ನು ಒರೆಸಿ ಅಣ್ಣನ ಕೈಗೆ ಕೊಟ್ಟ. "ಇಟ್ಕೋ. ಆಗಾಗ ಗ್ಯಾಪು ನೋಡ್ತಿರಬೇಕು. ಏನೂ ಕಷ್ಟ ಇಲ್ಲ, ನೋಡಿದ್ಯಲ್ಲ. ನೀನೇ ಮಾಡ್ಕೋಬಹುದು."

ಸೆಕೆಂಡಣ್ಣ ಪಟ್ಟಿಗಳನ್ನು ವಾಪಸ್ ತಮ್ಮನ ಅಂಗೈಯಲ್ಲಿಟ್ಟ.

"ಇಲ್ಲಪ್ಪ," ಎಂದ. "ನಂಗೆ ಬರಲ್ಲ."

ತಮ್ಮ ಅವನ ಬೆರಳುಗಳನ್ನು ನೋಡಿದ. ಆ ಬೆರಳಿಗೆ ಏನು ಬರುತ್ತದೆ ಏನು ಬರುವುದಿಲ್ಲ ಎಂಬುದು, ಒಂದೇ ಮಂಚದಲ್ಲಿ ಮಲಗಿ ಬೆಳೆದವನಿಗೆ ಗೊತ್ತಿಲ್ಲದ್ದೇನಲ್ಲ. ಪಟ್ಟಿಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

"ಹೌದು, ನಿಂಗೆ ಬರಲ್ಲ," ಎಂದ. "ತಿಂಗಳಿಗೊಂದ್ಸಲ ನನ್ನ ಹತ್ರ ತಗೊಂಡ್ ಬಾ. ತೊಂಬತ್ತೇ ಕಿಲೋಮೀಟರು. ಮೊದಲನೇ ಭಾನುವಾರ ಬರ್ತೀಯಾ?"

"ಬರ್ತೀನಿ."

"ಎಷ್ಟು ಗಂಟೆಗೆ?"

ಸೆಕೆಂಡಣ್ಣ ಹ್ಯಾಂಡಲಿನ ಗಡಿಯಾರದ ಕಡೆ ನೋಡಲಿಲ್ಲ.

"ಹತ್ತು, ಹತ್ತೂವರೆ," ಎಂದ. "ಆ ಸುಮಾರಿಗೆ."